ಆನೆ ಕಾಣುವ ರಾಡಾರಿನ ಪರೀಕ್ಷೆ

ವಾದದಲ್ಲಿ ಗೆಲ್ಲುವುದೂ ಎಲೆಅಡಿಕೆಯಂಥದೇ ಒಂದು ಚಟ. ಬಾಯಿ ಸುಮ್ಮನಿರಲು ಬಿಡುವುದಿಲ್ಲ. ಕೊಳ್ಳೇಗಾಲದ ಕಾಲೇಜಿನಲ್ಲಿ ನಾನು ಗೆದ್ದ ಚರ್ಚಾಸ್ಪರ್ಧೆಯ ಕಪ್‌ಗಳಲ್ಲಿ ಅಮ್ಮ ಸಾಸಿವೆ, ಮೆಂತ್ಯ ತುಂಬಿಟ್ಟಿದ್ದಾಳೆ. ಇಂಥವನನ್ನು ಆನೆ ಪತ್ತೆಹಚ್ಚುವ ಹೊಸ ರಾಡಾರಿನ ಪರೀಕ್ಷೆಗೆ ಸಹಾಯಕನಾಗಿ ತೆಗೆದುಕೊಂಡ ಎಂಜಿನಿಯರ್ ಸಾಹೇಬರ ಧೈರ್ಯ ದೊಡ್ಡದು. ಯಂತ್ರ ಏನು ಕಂಡಿತು, ಅಲ್ಲಿ ನಿಜಕ್ಕೂ ಏನಿತ್ತು, ಎರಡನ್ನೂ ಬರೆದುಕೊಳ್ಳುವುದು ನನ್ನ ಕೆಲಸ.

ಲೊಕ್ಕನಹಳ್ಳಿಯ ಕಾಡಂಚಿನಲ್ಲಿ ಶಿವಮ್ಮನ ರಾಗಿ ಹೊಲ. ತೆನೆ ಬಲಿತು ಕೊಯ್ಲಿಗೆ ಒಂದು ವಾರವಿತ್ತು. ಕಾವಲಿನ ಅಟ್ಟಣೆಯ ಮೇಲೆ ಹಾರ್ಮೋನಿಯಂ ಪೆಟ್ಟಿಗೆಯಂಥ ಯಂತ್ರವನ್ನಿಟ್ಟು ಕಾಡಿನತ್ತ ತಿರುಗಿಸಿದೆವು. ಆನೆಯನ್ನು ಕರೆಸಲಾಗದ್ದರಿಂದ ಶಿವಮ್ಮನ ಎತ್ತನ್ನೇ ಆನೆಯೆಂದು ಭಾವಿಸಿ ನೂರು ಮೀಟರು, ಇನ್ನೂರು ಮೀಟರು ಅಂತ ನಡೆಸಿದೆವು. ಎತ್ತು ಮೇಯಲು ನಿಂತದ್ದೇ ತಡ, ಪರದೆಯಿಂದ ಮಾಯ. ‘ಇದು ಚಲಿಸುವುದನ್ನಷ್ಟೇ ನೋಡುತ್ತದೆ’ ಅಂದರು ಸಾಹೇಬರು. ಅಂದರೆ ತಿನ್ನಲು ಬರುವ ಆನೆ ಕಾಣುತ್ತದೆ, ನಿಂತು ತಿನ್ನುವ ಆನೆ ಕಾಣುವುದಿಲ್ಲ. ಇಂಥ ಕಾವಲುಗಾರನಿಗೆ ಬ್ಯಾಟರಿ ಬೇರೆ ಕೇಡು. ಸಾಲದ್ದಕ್ಕೆ, ಗಾಳಿ ಬೀಸಿದಾಗಲೆಲ್ಲ ಕೂಗಿಕೊಳ್ಳುತ್ತಿತ್ತು. ಆನೆ ತಗುಲಿದರೆ ಸದ್ದಾಗಲೆಂದು ಶಿವಮ್ಮ ಬೇಲಿಗೆ ಕಟ್ಟಿದ್ದ ಎಣ್ಣೆ ಡಬ್ಬಗಳು ಅಲ್ಲಾಡಿದರೆ ಅದಕ್ಕೆ ಅದೇ ಆನೆ ಹಿಂಡು. ಡಬ್ಬ ಬಿಚ್ಚಿ ಎಂದು ಸಾಹೇಬರು ಅಂದದ್ದಕ್ಕೆ ಶಿವಮ್ಮ, ‘ಮೊದ್ಲು ನಿಮ್ ಪೆಟ್ಗೆ ಪಾಸಾಗ್ಲಿ ಸಾ, ಆಮೇಕೆ ಬಿಚ್ತೀನಿ’ ಅಂದರು. ನಾನು ಬಿಡುತ್ತೇನೆಯೇ? ಅರ್ಧ ಗಂಟೆ ವಾದಿಸಿ, ‘ಅದು ತಪ್ಪಿದ್ರೂ ನಾನಿರ್ತೀನಲ್ಲವ್ವ’ ಎಂದು ಭರವಸೆ ಕೊಟ್ಟು ಬಿಚ್ಚಿಸಿಯೇ ಬಿಟ್ಟೆ.

ಸಂಜೆ ಐದಕ್ಕೆ ಯಂತ್ರ ಕೂಗಿತು. ಅಟ್ಟಣೆಯ ಕೆಳಗೆ ಪರದೆ ಇಟ್ಟುಕೊಂಡು ಕೂತ ನಮಗೆ ದಿಬ್ಬದಾಚೆಯ ಹೊಲ ಕಾಣುತ್ತಿರಲಿಲ್ಲ. ಸಾಹೇಬರು ಎದ್ದರು. ‘ಒಂದ್ಗಳ್ಗೆ ಓಗಿ ನೋಡ್ಕಂಡ್ ಬತ್ತೀನಿ ಕಣ ಮೊಗ’ ಎಂದು ಶಿವಮ್ಮನೂ ಎದ್ದರು. ಅಷ್ಟರಲ್ಲಿ ಪರದೆ ಖಾಲಿಯಾಯಿತು. ‘ನೋಡಿದಿರಾ? ಆನೆಯೇನು ಆವಿಯಾಗುತ್ತದೆಯೇ? ಲಂಟಾನ ಪೊದೆ ಗಾಳಿಗೆ ಅಲ್ಲಾಡಿದೆ, ಅಷ್ಟೆ’ ಎಂದು ಶುರುಮಾಡಿ ಇನ್ನೂ ಹತ್ತು ನಿಮಿಷ ಮಂಡಿಸಿದೆ. ಇಬ್ಬರೂ ಕೂತರು. ಎದುರಾಳಿ ಕೂರುವುದನ್ನು ನೋಡುವ ಸುಖವೇ ಬೇರೆ. ಕತ್ತಲಾಗುವ ಹೊತ್ತಿಗೆ ಯಂತ್ರ ಎರಡನೇ ಸಲ ಕೂಗಿದಾಗ ಸಲಗ ಹೊಟ್ಟೆ ತುಂಬಿಸಿಕೊಂಡು ಕಾಡಿಗೆ ಮರಳುತ್ತಿತ್ತು. ದಿಬ್ಬದಾಚೆ ಅದು ನಿಂತಿದ್ದ ಕಡೆ ರಾಗಿಯ ಕೂಳೆಯಷ್ಟೇ ಉಳಿದಿತ್ತು.

ಯಂತ್ರ ಕಂಡದ್ದು ಎಂಬಲ್ಲಿ ‘ಆನೆ’ ಎಂದು ಬರೆದೆ. ನಿಜಕ್ಕೂ ಇದ್ದದ್ದು ಎಂಬಲ್ಲೂ ‘ಆನೆ’ ಎಂದೇ ಬರೆದೆ. ಯಾರೂ ಯಾಕೆ ಎದ್ದುಹೋಗಲಿಲ್ಲ ಎಂಬುದಕ್ಕೆ, ಪುಣ್ಯಕ್ಕೆ, ಕಾಲಂ ಇರಲಿಲ್ಲ.

ಬೆಳಿಗ್ಗೆ ಶಿವಮ್ಮ ಮತ್ತೆ ಡಬ್ಬ ಕಟ್ಟುತ್ತಾ ಸಾಹೇಬರಿಗೆ, ‘ನಿಮ್ ಪೆಟ್ಗೆ ಬೇಕಾರೆ ಇಲ್ಲೇ ಇರ್ಲಿ ಸಾ. ಈ ಮೊಗುನ್ನ ಮಾತ್ರ ಕರ್ಕಂಡ್ ಓಗ್ಬುಡಿ’ ಅಂದರು. ಅದಕ್ಕೆ ನನ್ನಲ್ಲಿ ಒಳ್ಳೆಯ ಉತ್ತರವೇ ಇತ್ತು. ಆದರೆ ಡಬ್ಬ ಕಟ್ಟುವ ಹಗ್ಗದ ಇನ್ನೊಂದು ತುದಿ ಹಿಡಿದು ನಿಂತಿದ್ದವನು ನಾನೇ; ಗಂಟು ಬಿಗಿದೆ.