ಗುಡ್ಡಕ್ಕೆ ಕಟ್ಟಿದ ಬೆಲೆ

ನಾನು ಕೊಂಡ ಜಮೀನು ಒಳ್ಳೆಯದೆಂದು ಇಪ್ಪತ್ತು ವರ್ಷಗಳಿಂದ ನನ್ನ ಹೆಂಡತಿಗೆ ಹೇಳುತ್ತಲೇ ಬಂದಿದ್ದೇನೆ. ಅವಳು ಇವತ್ತಿಗೂ ಒಪ್ಪಿಲ್ಲ. ತೆರಿಗೆ ಇಲಾಖೆ ಮಾತ್ರ ನಾನು ಕೇಳದೆಯೇ ಒಪ್ಪಿಕೊಂಡುಬಿಟ್ಟಿತು.

ಒಪ್ಪಿಕೊಂಡದ್ದು ನೋಟಿಸಿನ ಮೂಲಕ. 'ಸ್ಥಿರಾಸ್ತಿ ಮರುಮೌಲ್ಯಮಾಪನ' ಎಂಬ, ಓದುವಾಗಲೇ ಉಸಿರು ಕಟ್ಟಿಸುವ ಹೆಸರಿನ ಕೆಳಗೆ, ನಮ್ಮ ಗುಡ್ಡದ ಜಮೀನುಗಳೆಲ್ಲ 'ರಮಣೀಯ ನೋಟ, ಶುದ್ಧ ವಾಯು, ಸಮೃದ್ಧ ಜಲ' ಉಳ್ಳ ಮೊದಲನೇ ದರ್ಜೆಯವೆಂದೂ, ಆದಕಾರಣ ಇನ್ನು ಮುಂದೆ ತೆರಿಗೆ ಮೂರು ಪಟ್ಟೆಂದೂ ಬರೆದಿತ್ತು. ಮೊದಲ ಭಾಗ ಓದಿದಾಗ ಎದೆ ಉಬ್ಬಿತು. ಎರಡನೇ ಭಾಗ ಓದಿದಾಗ ಉಬ್ಬಿದ್ದು ಇಳಿಯಲಾರದೆ ಅಲ್ಲೇ ಸಿಕ್ಕಿಕೊಂಡಿತು. (ನೆಲೆಗೆ ಬೆಲೆ ಬಂದರೆ ನೆಲೆಸಿದವನಿಗೆ ಬಲೆ ಎಂಬ ಗಾದೆಯನ್ನು ನಾನು ಆ ಕ್ಷಣದಲ್ಲೇ ಹೊಸೆದು ಹೆಂಡತಿಗೆ ಹೇಳಿದೆ. ಅವಳು ನಗಲಿಲ್ಲ.)

ಅಂದಿನಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಅಂಗಳದಿಂದ ಬಾವಿಗೆ, ಬಾವಿಯಿಂದ ನಿಂಬೆ ಗಿಡಗಳಿಗೆ, ಅಲ್ಲಿಂದ ಬೇಲಿಗೆ, ಬೇಲಿಯಿಂದ ಮತ್ತೆ ಅಂಗಳಕ್ಕೆ. ಊಟಕ್ಕೆ ಕೂತರೂ ಒಂದು ಕಾಲು ಬಾಗಿಲ ಕಡೆಗೇ ಇರುತ್ತಿತ್ತು.

"ಏನ್ರೀ, ಹೀಗೆ ಓಡಾಡಿ ಓಡಾಡಿ ಜಮೀನು ಸವೆಸಿದ್ರೆ ತೆರಿಗೆ ಕಮ್ಮಿ ಮಾಡ್ತಾರಂತಾ?" ಎಂದಳು ಹೆಂಡತಿ.

ಪುಣ್ಯಕ್ಕೆ ತಳಮಳ ನನ್ನೊಬ್ಬನದಾಗಿರಲಿಲ್ಲ. ಗುಡ್ಡದ ಮೇಲಿನವರಿಗೆಲ್ಲ ನೋಟಿಸು ಬಂದಿತ್ತು. ಪಕ್ಕದ ಜಮೀನಿನ 'ಗುಡುಗು' ಎಲ್ಲರನ್ನೂ ಕಟ್ಟಿಕೊಂಡು ನಮ್ಮ ಜಗಲಿಗೆ ಬಂದ. (ಅವನು ತನ್ನ ಹಸುವಿನ ಕಿವಿಯಲ್ಲಿ ಗುಟ್ಟು ಹೇಳಿದರೆ ಅಕ್ಕಪಕ್ಕದ ಜಮೀನಿನ ಹಸುಗಳೆಲ್ಲ ತಲೆಯೆತ್ತಿ ನೋಡುತ್ತವೆ. ಆದ್ದರಿಂದ ಆ ಹೆಸರು.)

"ತಕರಾರು ಹಾಕೋಣ! ವಿಚಾರಣೆಗೆ ಕರೀತಾರಂತೆ. ನಮ್ಮ ಜಮೀನು ಅಷ್ಟೊಂದು ಬೆಲೆ ಬಾಳಲ್ಲ ಅಂತ ನಾವೇ ಬಾಯಿಬಿಟ್ಟು ಹೇಳಬೇಕಂತೆ. ಮೇಷ್ಟ್ರೇ, ನೀವೇ ನಮ್ಮ ಮುಖಂಡರು. ದೋಷ ಹುಡುಕೋದ್ರಲ್ಲಿ ನಿಮ್ಮನ್ನ ಬಿಟ್ರೆ ಇಲ್ಲ," ಎಂದು ಗುಡುಗಿದ.

ಮೂವತ್ತು ವರ್ಷ ವ್ಯಾಕರಣ ಕಲಿಸಿದವನು ನಾನು. ದೋಷ ಕಂಡುಹಿಡಿಯುವುದು ನನ್ನ ಕುಲಕಸುಬಿದ್ದಂತೆ. ಮುಖಂಡತ್ವದ ಭಾರವನ್ನು ವಿನಯದಿಂದ ಹೊತ್ತುಕೊಂಡು, ಮಾರನೆಯ ಬೆಳಿಗ್ಗೆ ಮೇಜಿನ ಮುಂದೆ ಕುಳಿತೆ. ಪೆನ್ನು ಹಿಡಿದೆ. ಕಿಟಕಿಯಿಂದ ಹೊರಗೆ ನೋಡಿದೆ. ಕೆಳಗೆ ಕಣಿವೆ, ಅದರಾಚೆ ಹೊಳೆ, ನಿಂಬೆ ಹೂವಿನ ವಾಸನೆ. ಮಧ್ಯಾಹ್ನದವರೆಗೆ ಒದ್ದಾಡಿ ಎರಡು ದೋಷ ಬರೆದೆ. ಹೆಂಡತಿ ಬಂದು ಹೆಗಲ ಮೇಲಿಂದ ಬಗ್ಗಿ ಓದಿದಳು.

"'ಗಾಳಿಯು ಅಗತ್ಯಕ್ಕಿಂತ ತುಸು ಹೆಚ್ಚು ತಂಪಾಗಿದೆ. ನೋಟದ ಸೊಬಗಿನಿಂದ ದೈನಂದಿನ ಕೆಲಸಕ್ಕೆ ಅಡ್ಡಿಯಾಗುತ್ತದೆ.' ಇದನ್ನ ತಕರಾರು ಅಂತಾರೇನ್ರೀ? ಪ್ರೇಮಪತ್ರ ಅಂತಾರೆ!"

"ಹಾಗಾದ್ರೆ ನೀನೇ ಹೇಳು ನೋಡೋಣ."

ಕೇಳಬಾರದಿತ್ತು. ಕೇಳಿದೆ. ಸೊಂಟಕ್ಕೆ ಸೆರಗು ಸಿಕ್ಕಿಸಿ ಶುರುಮಾಡಿದಳು ನೋಡಿ! ಗಾಳಿಗೆ ಬಡಿದುಕೊಳ್ಳುವ ಕಿಟಕಿಗಳು, ಸಂಜೆಯಾದರೆ ದೀಪಕ್ಕೆ ಮುತ್ತುವ ಹುಳಗಳು, ಒಂದು ಹಿಡಿ ಉಪ್ಪು ಬೇಕೆಂದರೂ ಇಳಿದು ಹತ್ತಬೇಕಾದ ದಾರಿ... ಇಪ್ಪತ್ತು ವರ್ಷ ನಾನು ಗೊಣಗಾಟವೆಂದು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟದ್ದೆಲ್ಲ ಒಂದೊಂದೂ ಅಪ್ಪಟ ಕಾನೂನಿನ ಅಂಶವಾಗಿ ಹೊಳೆಯತೊಡಗಿತು. ನನಗೆ ಜ್ಞಾನೋದಯವಾಯಿತು.

"ಲೇ, ವಿಚಾರಣೆಗೆ ನೀನೇ ಬಾರೇ! ನೀನೇ ನಮ್ಮ ಸಾಕ್ಷಿ!"

"ಓಹೋ. ಇಷ್ಟು ವರ್ಷ ನಾನು ಹೇಳಿದ್ರೆ ತಲೆನೋವು. ಈಗ ಸಾಕ್ಷಿನಾ?" ಎಂದು ಮೂತಿ ತಿರುವಿದಳು. ಆದರೂ ಕಣ್ಣಲ್ಲಿ ಮಿಂಚು ಕಾಣುತ್ತಿತ್ತು. "ಬರ್ತೀನಿ. ಆದ್ರೆ ಒಂದು ಮಾತು. ನಾನು ಹೇಳೋವಾಗ ನೀವು ಮಧ್ಯೆ ಬಾಯಿ ಹಾಕಬಾರದು."

"ಹಾಕಿದ್ರೆ ಕೇಳು," ಎಂದೆ.

ವಿಚಾರಣೆಯ ಕೋಣೆಯಲ್ಲಿ ಕುಂಟುವ ಬೆಂಚು, ಟಕಟಕ ಎನ್ನುವ ಫ್ಯಾನು. ಮೇಜಿನ ಹಿಂದೆ ಕನ್ನಡಕವನ್ನು ಹಣೆಗೇರಿಸಿಕೊಂಡ ಸಣಕಲು ಅಧಿಕಾರಿ. ಪಕ್ಕದಲ್ಲಿ ಆರಿ ಕೆನೆಗಟ್ಟಿದ ಕಾಫಿ. ಸತ್ಯವನ್ನೇ ಹೇಳುತ್ತೇವೆಂದು ಎಲ್ಲರಿಂದಲೂ ರುಜು ಹಾಕಿಸಿಕೊಂಡರು.

ಮೊದಲು ಗುಡುಗು ಎದ್ದ. "ಸಾರ್, ಅದು ಜಮೀನೇ ಅಲ್ಲ, ಬರೀ ಕಲ್ಲು!"

"ಹೌದಾ? ಹೋದ ವರ್ಷ ಪಕ್ಕದ್ದನ್ನೂ ಕೊಂಡುಕೊಂಡಿದೀರಲ್ಲ, ಕಲ್ಲಿನ ಮೇಲೆ ಅಷ್ಟು ಪ್ರೀತಿನಾ?" ಎಂದರು ಅಧಿಕಾರಿ.

ಗುಡುಗು ಮೊದಲ ಸಲ ಪಿಸುಗುಟ್ಟಿ ಕುಳಿತುಕೊಂಡ. ನನ್ನ ಕಾಲು ಬೆಂಚಿನ ಕೆಳಗೆ ಹೊಲಿಗೆ ಯಂತ್ರ ತುಳಿಯುವಂತೆ ಕುಣಿಯುತ್ತಿತ್ತು. ಆಗ ನನ್ನ ಹೆಂಡತಿ ಎದ್ದಳು.

"ಸಾರ್, ಕಲ್ಲು ಮಣ್ಣು ನನಗೆ ಗೊತ್ತಿಲ್ಲ. ಬಟ್ಟೆ ಗೊತ್ತು. ನಮ್ಮ ಅಂಗಳದಲ್ಲಿ ಒಗೆದು ಹಾಕಿದ ಹೊದಿಕೆ ಒಣಗೋದು ಇವರ ಜಮೀನಲ್ಲಿ," ಎಂದು ಗುಡುಗನ್ನು ತೋರಿಸಿದಳು. "ಗಾಳಿ ಶುದ್ಧವಾಗಿದೆಯೋ ಇಲ್ಲವೋ, ಒಂದು ಕಡೆ ನಿಲ್ಲಲ್ಲ. ಅಡುಗೆಮನೆ ಇಳಿಜಾರು. ಒಂದು ಈರುಳ್ಳಿ ಕೈಜಾರಿದ್ರೆ ನಡುಮನೆ ದಾಟಿ, ಜಗಲಿ ದಾಟಿ, ಬಂದವರನ್ನ ಅದೇ ಮೊದಲು ಮಾತಾಡಿಸುತ್ತೆ. ನೋಟ ನೋಟ ಅಂತೀರಲ್ಲ, ನಾನು ನೋಡೋದು ಒಲೆ. ಒಲೆ ಬುಡದಿಂದ ಯಾವ ಹೊಳೆನೂ ಕಾಣಲ್ಲ."

ಅಧಿಕಾರಿ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿದರು. ಬೆಂಚುಗಳ ಮೇಲೆ ಜನ ತಲೆದೂಗಿದರು. ಗೆಲುವು ಕಣ್ಣೆದುರಿಗೇ ಇತ್ತು.

"ಇಷ್ಟು ಕಷ್ಟ ಇದ್ರೆ ಬಿಟ್ಟು ಬರಬಹುದಿತ್ತಲ್ಲಮ್ಮ?"

"ಇವರು ಅಲ್ಲೇ ಬೇರು ಬಿಟ್ಟಿದಾರೆ ಸಾರ್, ಕಿತ್ರೂ ಬರಲ್ಲ. ಬೇಕಿದ್ರೆ ಅದನ್ನೂ ಒಂದು ದೋಷ ಅಂತ ಬರ್ಕೊಳ್ಳಿ."

ಕೋಣೆಯೆಲ್ಲ ನಕ್ಕಿತು. ಸಾರ್ವಜನಿಕ ಹಿತಕ್ಕಾಗಿ ನಾನೂ ನಕ್ಕೆ. ಅಲ್ಲಿಗೆ ಅವಳು ಕೂತುಬಿಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು.

"ಇನ್ನು ಬಾವಿ," ಎಂದಳು. "ಆ ನೀರು ಬಾಯಿಗೆ ಹಾಕೋ ಹಾಗಿಲ್ಲ."

ಓದುಗರೇ, ನನ್ನನ್ನು ಬೈಯಿರಿ, ನನ್ನ ಮೂಗನ್ನು ಬೈಯಿರಿ, ಸಹಿಸುತ್ತೇನೆ. ಆದರೆ ಆ ಬಾವಿ! ಇಲ್ಲಿ ನೀರು ಬೀಳುವುದಿಲ್ಲವೆಂದು ಊರೆಲ್ಲ ನಕ್ಕಾಗ, ಒಂದು ಬೇಸಿಗೆ ರಜೆಯಿಡೀ ತೋಡುವವರ ಜೊತೆ ನಾನೂ ಗುಂಡಿಗಿಳಿದು ಮಣ್ಣು ಹೊತ್ತಿದ್ದೆ. ನೀರು ಜಿನುಗಿದ ದಿನ ಮೊದಲ ಬೊಗಸೆ ಇವಳಿಗೇ ಕುಡಿಸಿದ್ದೆ. ನನ್ನ ಮೊಣಕಾಲುಗಳು ನನ್ನ ಅಪ್ಪಣೆ ಕೇಳದೆ ಎದ್ದು ನಿಂತವು.

"ಏನೇ ಅಂದೆ? ಬಾಯಿಗೆ ಹಾಕೋ ಹಾಗಿಲ್ವಾ? ಸಾರ್, ಕಲ್ಲುಸಕ್ಕರೆ ಸಾರ್ ಆ ನೀರು!"

ಗುಡುಗು ನನ್ನ ಅಂಗಿ ಜಗ್ಗಿದ. ಒಂದು ಗುಂಡಿ ಕಿತ್ತು ಹಾರಿತು. ಹೆಂಡತಿ ಕಣ್ಣಲ್ಲೇ 'ಕೂತ್ಕೊಳ್ಳಿ' ಎಂದಳು. ನನಗೆ ಯಾವುದೂ ಕಾಣಲಿಲ್ಲ.

"ಮುಂದೆ ಹೇಳಿ," ಎಂದು ಅಧಿಕಾರಿ ಮೆಲ್ಲಗೆ ಪೆನ್ನು ಎತ್ತಿಕೊಂಡರು.

ಹೇಳಿದೆ. ಯಾವ ಬೇಸಿಗೆಗೂ ಬತ್ತದ ಒರತೆಯ ಬಗ್ಗೆ ಹೇಳಿದೆ. ಒಂದು ಗಿಡಕ್ಕೆ ಬುಟ್ಟಿಗಟ್ಟಲೆ ಬಿಡುವ ನಿಂಬೆ, ಹೊಳೆಯ ಮೇಲೆ ಮುಳುಗುವ ಸೂರ್ಯ, ಒಂದೇ ವಾರದಲ್ಲಿ ಕೆಮ್ಮು ಓಡಿಸುವ ಗಾಳಿ, ಎಲ್ಲ ಹೇಳಿದೆ. ನನ್ನ ಬಾಳಿನಲ್ಲಿ ಅಂಥ ನಿರ್ದೋಷ ವಾಕ್ಯಗಳನ್ನು ನಾನು ಹಿಂದೆಂದೂ ಆಡಿರಲಿಲ್ಲ. ಮುಗಿಸಿ ಬೆವರೊರೆಸಿಕೊಂಡು ಕುಳಿತೆ.

ತೀರ್ಪು ಅಲ್ಲೇ ಓದಿದರು. ಶ್ರೀಮತಿಯವರ ಸಾಕ್ಷ್ಯ ಅತ್ಯಂತ ನಂಬಲರ್ಹವಾಗಿರುವುದರಿಂದ ಗುಡ್ಡದ ಜಮೀನುಗಳನ್ನೆಲ್ಲ ಮೂರನೇ ದರ್ಜೆಗೆ ಇಳಿಸಲಾಗಿದೆ. ಒಂದನ್ನು ಬಿಟ್ಟು. ಮುಖಂಡರ ಜಮೀನು, ಸದರಿ ಮಾಲೀಕರೇ ಸತ್ಯದ ರುಜು ಹಾಕಿ ನೀಡಿದ ಹೇಳಿಕೆಯ ಮೇರೆಗೆ, ಮೊದಲನೇ ದರ್ಜೆಯಲ್ಲೇ ಮುಂದುವರಿಯತಕ್ಕದ್ದು. ಒಂದೇ ಗುಡ್ಡ, ಸ್ವಾಮಿ! ಬೇಲಿಯ ಆಚೆ ಬಿರುಗಾಳಿ, ಈಚೆ ಶುದ್ಧ ವಾಯು!

ವಾಪಸು ಬರುವಾಗ ಗುಡುಗಿನ ಜೀಪಿನಲ್ಲಿ ಮುಂದಿನ ಸೀಟು ನನ್ನ ಹೆಂಡತಿಗೆ. ದಾರಿಯಲ್ಲೇ ಅವಳನ್ನು ಹೊಸ ಮುಖಂಡಳೆಂದು ಒಮ್ಮತದಿಂದ ಆರಿಸಿದರು. ನಾನು ಹಿಂದೆ ಗೊಬ್ಬರದ ಚೀಲಗಳ ಮಧ್ಯೆ, ಗುಂಡಿ ಹೋದ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದು ಕುಲುಕಾಡುತ್ತಿದ್ದೆ.

ಮನೆಗೆ ಬಂದು ಎಷ್ಟೋ ಹೊತ್ತಾದ ಮೇಲೆ, ತಡೆಯಲಾರದೆ ಅಡುಗೆಮನೆಯ ಬಾಗಿಲಲ್ಲಿ ನಿಂತೆ.

"ಏನೇ, ಬಾವಿ ನೀರು ನಿಜವಾಗ್ಲೂ..."

ಅವಳು ಬಿಂದಿಗೆಯಿಂದ ಒಂದು ಲೋಟ ನೀರು ತುಂಬಿ, ನನ್ನ ಮುಂದೆಯೇ ಗಟಗಟ ಕುಡಿದಳು. "ಇಂಥ ನೀರು ಎಲ್ಲೂ ಸಿಗಲ್ಲ. ಅದಕ್ಕೇ ತೆರಿಗೆ ಜಾಸ್ತಿ ಮಾಡ್ಬಾರ್ದು ಅಂತ ಒಂದೇ ಒಂದು ಸುಳ್ಳು ಹೇಳ್ದೆ. ಬಾಯಿ ಮುಚ್ಕೊಂಡಿರಿ ಅಂದಿದ್ನಲ್ರೀ!"

ತೆರಿಗೆಯ ದುಃಖ, ಹೆಂಡತಿ ಒಪ್ಪಿದ ಸುಖ, ಎರಡೂ ಒಟ್ಟಿಗೆ ಬಂದು ನಾನು ಮತ್ತೆ ಅಂಗಳದಲ್ಲಿ ಸುತ್ತತೊಡಗಿದೆ. ಹೋಗಲಿ, ಇಲ್ಲಿಗೆ ಮುಗಿಯಿತಲ್ಲ ಎಂದುಕೊಂಡೆ.

ಮುಗಿದಿರಲಿಲ್ಲ. ಆ ಭಾನುವಾರ ಬೆಳಿಗ್ಗೆ ಗೇಟಿನ ಬಳಿ ಸ್ಕೂಟರ್ ನಿಂತಿತು. ಇಳಿದವರು ಆ ಅಧಿಕಾರಿ. ಕೈಯಲ್ಲಿ ಎರಡು ಖಾಲಿ ಕ್ಯಾನು.

"ಕೆಲಸದ ಮೇಲೆ ಬಂದಿಲ್ಲ ಯಜಮಾನ್ರೇ. ನೀವು ವರ್ಣನೆ ಮಾಡಿದ ಮೇಲೆ ಮನಸ್ಸು ತಡೀಲಿಲ್ಲ. ನನಗೂ ಕೆಮ್ಮು ನೋಡಿ."

ನನ್ನ ಹೆಂಡತಿ ಜಗಲಿಯ ಮೇಲೆ ನನ್ನ ಕುರ್ಚಿಯನ್ನೇ ಹಾಕಿಕೊಟ್ಟಳು. ಕುಳಿತರು. ಮುಂದಿನ ಭಾನುವಾರವೂ ಬಂದರು, ಅದರ ಮುಂದಿನ ಭಾನುವಾರವೂ. ತೆರಿಗೆ ವರ್ಷಕ್ಕೊಂದು ಸಲ. ಇವರು ವಾರಕ್ಕೊಂದು ಸಲ. ನಾನು ಜಗಲಿಯ ಕಂಬಕ್ಕೊರಗಿ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಾ, ಗಾಳಿ ಹೆಚ್ಚೆಂದೂ ಹುಳಗಳ ಕಾಟವೆಂದೂ ಹೇಳಿ ನೋಡಿದೆ.

"ತಮಾಷೆ ಮಾಡ್ಬೇಡಿ ಮೇಷ್ಟ್ರೇ, ರುಜು ಹಾಕಿ ಹೇಳಿದೀರಿ," ಎಂದು ನಕ್ಕರು.

ಮೊನ್ನೆ ಭಾನುವಾರ ಹೊಳೆಯ ಮೇಲೆ ಸೂರ್ಯ ಮುಳುಗುವವರೆಗೂ ಅವರು ಕುರ್ಚಿ ಬಿಟ್ಟು ಏಳಲಿಲ್ಲ. ನೀರಿನ ಕೊನೆಯ ಗುಟುಕು ಕುಡಿದು, ಲೋಟ ಕೆಳಗಿಟ್ಟು, ಯಾಕೋ ತುಂಬ ಪಶ್ಚಾತ್ತಾಪದಿಂದ ನನ್ನ ಮುಖ ನೋಡಿದರು.

"ಛೆ, ನಾನು ಬೆಲೆ ಕಮ್ಮಿ ಕಟ್ಟಿಬಿಟ್ಟೆ, ಮೇಷ್ಟ್ರೇ."