ಹೊನ್ನಾಳಿಯ ಮೀನಿಗೆ ನ್ಯಾಮತಿಯ ಸೋಡಾ

ಮೂವತ್ತು ವರ್ಷದಿಂದ ಮಕ್ಕಳಿಗೆ ಸೂಜಿ ಚುಚ್ಚುತ್ತಿರುವ ನರ್ಸು ನಾನು. "ಪಾಪ, ದಿನಾ ಅಳು ಕೇಳಬೇಕು" ಎಂದು ನೆಂಟರು ಕನಿಕರಪಡುತ್ತಾರೆ. ಅವರಿಗೇನು ಗೊತ್ತು! ವಾರಕ್ಕೆ ಒಂದಾದರೂ ಹೊಟ್ಟೆ ಹಿಡಿದು ನಗುವಂಥದ್ದು ನಡೆಯದಿದ್ದರೆ, ಈ ವಾರ ಕ್ಲಿನಿಕ್ಕಿಗೆ ರಜೆ ಇತ್ತೇನೋ ಎಂದು ನಾನು ಕ್ಯಾಲೆಂಡರ್ ನೋಡಿಕೊಳ್ಳುತ್ತೇನೆ. ಹೊನ್ನಾಳಿಯ ನಮ್ಮ ಕ್ಲಿನಿಕ್ಕಿಗೆ ಮೀನಿನ ತೊಟ್ಟಿ ಬಂದ ಮೇಲಂತೂ ವಾರ ಕಾಯುವ ಕೆಲಸವೇ ಇರಲಿಲ್ಲ.

ತೊಟ್ಟಿ ತಂದವರು ನಮ್ಮ ಡಾಕ್ಟರು. ವಯಸ್ಸು ಚಿಕ್ಕದು, ಮನಸ್ಸು ಬಲು ಮೆತ್ತಗೆ. ಮಕ್ಕಳೆಂದರೆ ಇಷ್ಟ ಅಂತಲೇ ಮಕ್ಕಳ ಡಾಕ್ಟರಾದವರು. ಆದರೆ ಮಕ್ಕಳು ಇವರನ್ನು ಬಾಗಿಲಲ್ಲಿ ಕಂಡರೆ ಸಾಕು, ಕಿಟಾರನೆ ಕಿರುಚುತ್ತಿದ್ದವು. ಒಂದು ದಿನ ಊಟದ ಡಬ್ಬಿ ಮುಚ್ಚಿಟ್ಟು, "ಸಿಸ್ಟರ್, ನನ್ನ ಮುಖ ಅಷ್ಟು ಕೆಟ್ಟದಾಗಿದೆಯಾ?" ಎಂದು ಕೇಳಿದರು. ಮರುವಾರವೇ ರೋಗಿಗಳು ಕೂರುವ ಹಾಲ್‌ನಲ್ಲಿ ಎರಡು ಅಡಿ ಉದ್ದದ ಗಾಜಿನ ತೊಟ್ಟಿ, ಅದರಲ್ಲಿ ಮರಳು, ನೀರೊಳಗೆ ಬೆಳೆಯುವ ಹಸಿರು ಗಿಡಗಳು, ಒಂದಿಪ್ಪತ್ತು ಪುಟ್ಟ ಮೀನು.

ಕ್ಲಿನಿಕ್ಕು ಹಾಕಿಸಿಕೊಟ್ಟಿದ್ದು ಅವರ ಮಾವ. ಜಗಳೂರಿನ ಹಳೇ ಡಾಕ್ಟರು, ಬಲು ಖಡಕ್ ಮನುಷ್ಯ. ತೊಟ್ಟಿ ನೋಡಿ ಅಳಿಯನಿಗೆ ಒಂದೇ ಮಾತು ಹೇಳಿದರು. "ಮೂರು ತಿಂಗಳು ಟೈಮ್ ಕೊಡ್ತೀನಿ. ಅಷ್ಟರಾಗೆ ಮಕ್ಕಳ ಅಳು ನಿಲ್ಲಲಿಲ್ಲ ಅಂದ್ರೆ ಈ ಡಬ್ಬ ಹೊರಗೆ, ಟಿವಿ ಒಳಗೆ."

ಡಾಕ್ಟರು ತಲೆಯಾಡಿಸಿದರು. ನಾನೂ ಆಡಿಸಿದೆ. ನಿಜ ಹೇಳಬೇಕೆಂದರೆ ಆವತ್ತು ನಾನು ಟಿವಿ ಪಕ್ಷದವಳು.

ಕಾಣದ ಮೀನು

ಗಿಡಕ್ಕೆ ಒಳ್ಳೆಯ ಬೆಳಕು ಬೇಕು ಎಂದು ಡಾಕ್ಟರು ಎಲ್ಲೋ ಓದಿಕೊಂಡಿದ್ದರು. ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ, "ಜೋರು ಬೆಳಕಿನ ಲೈಟ್ ಹಾಕಿಕೊಡಪ್ಪ" ಎಂದರು. ಅವನು ಮದುವೆ ಶಾಮಿಯಾನಕ್ಕೆ ಹಾಕುವ ಫೋಕಸ್ ಲೈಟನ್ನೇ ತಂದು ತೊಟ್ಟಿಯ ನೆತ್ತಿಗೆ ಕಟ್ಟಿದ.

"ಇದು ಜಾಸ್ತಿ ಆಗಲ್ವೇನೋ?" ಎಂದೆ ನಾನು.

"ಸಿಸ್ಟರ್, ಇದರ ಕೆಳಗೆ ಮುನ್ನೂರು ಜನ ಕೂತು ಉಣ್ತಾರೆ. ನಾಕು ಗಿಡಕ್ಕೆ ಸಾಲಲ್ಲ ಅಂದ್ರೆ ಹೆಂಗೆ?" ಎಂದ.

ಸಾಲುವುದೇನು, ಬೆಳಿಗ್ಗೆ ಒಂಬತ್ತಕ್ಕೆ ಹಾಕಿದರೆ ಕ್ಲಿನಿಕ್ಕು ಮುಚ್ಚುವವರೆಗೂ ಉರಿಯುತ್ತಿತ್ತು. ಹಾಲಿಗೆ ಬಂದವರೆಲ್ಲ ಆಪರೇಷನ್ ಇದೆಯೇನೋ ಎಂದು ಚಪ್ಪಲಿ ಹೊರಗೆ ಬಿಟ್ಟು ಪಿಸುಗುಟ್ಟುತ್ತಿದ್ದರು. ಹತ್ತೇ ದಿನದಲ್ಲಿ ಪಾಚಿ ಹಬ್ಬಿತು. ಗಿಡದ ಮೇಲೆ ಪಾಚಿ, ಗಾಜಿನ ಮೇಲೆ ಪಾಚಿ, ನೀರು ಪೂರ್ತಿ ಪಾಲಕ್ ಸಾರು. ಮೀನಿರಲಿ, ತೊಟ್ಟಿಯ ಹಿಂದಿನ ಗೋಡೆಯೂ ಕಾಣುತ್ತಿರಲಿಲ್ಲ.

ಒಬ್ಬ ತಂದೆ ಮಗಳನ್ನು ಎತ್ತಿಕೊಂಡು ತುಂಬಾ ಹೊತ್ತು ಹುಡುಕಿದ. "ಸಿಸ್ಟ್ರೇ, ಮೀನು ಎಲ್ಲಿ ಅದಾವ್ರೀ?"

ನಾನು ಉತ್ತರ ಹುಡುಕುವಷ್ಟರಲ್ಲಿ ಪಕ್ಕದ ಬೆಂಚಿನ ಅಜ್ಜಿ ಗದರಿಸಿದರು. "ಅದಾವೆ ಅಂದ್ಮೇಲೆ ಅದಾವೆ. ದೇವ್ರು ಕಾಣ್ತಾನೇನು? ಕೈ ಮುಗಿದು ಕುಂತ್ಕ."

ಅವನು ನಿಜವಾಗಿಯೂ ಕೈ ಮುಗಿದು ಕುಳಿತ.

ಬಸವಾಪಟ್ಟಣದ ಡೋಸು

ನೀರು ಬದಲಾಯಿಸಿದ್ದಾಯಿತು, ಗಾಜು ಉಜ್ಜಿದ್ದಾಯಿತು. ಎರಡು ದಿನಕ್ಕೆ ಮತ್ತೆ ಪಾಲಕ್ ಸಾರು. ಡಾಕ್ಟರು ಇನ್ನೂ ದೊಡ್ಡ ಲೈಟಿಗೆ ಹೇಳುವ ಯೋಚನೆಯಲ್ಲಿದ್ದರು.

ಆಗ ಬಂದರು ಬಸವಾಪಟ್ಟಣದ ಒಬ್ಬ ಹೆಂಗಸು. ತರಕಾರಿ ಸಸಿಗಳ ನರ್ಸರಿ ಇಟ್ಟವರು, ಟ್ರೇ ಟ್ರೇ ಮೆಣಸಿನ ಸಸಿ, ಟೊಮೆಟೊ ಸಸಿ ಬೆಳೆಸಿ ಮಾರುವವರು. ಮೊಮ್ಮಗನ ಜ್ವರ ತೋರಿಸಲು ಬಂದಿದ್ದರು. ಡಾಕ್ಟರು ಮಗುವಿನ ಎದೆಗೆ ಸ್ಟೆತಸ್ಕೋಪ್ ಇಟ್ಟಿದ್ದರೆ, ಇವರು ಬಾಗಿಲಿಂದ ಇಣುಕಿ ತೊಟ್ಟಿಯನ್ನೇ ನೋಡುತ್ತಿದ್ದರು.

"ಡಾಕ್ಟ್ರೇ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕಾಬೇಡಿ. ನೀವು ಮಕ್ಕಳಿಗೆ ಔಷಧಿ ತೂಕ ನೋಡಿ ಕೊಡ್ತೀರೋ, ಬಾಟ್ಲಿ ಎತ್ತಿ ಬಾಯಿಗೆ ಸುರೀತೀರೋ?"

"ತೂಕ ನೋಡಿಯೇ ಕೊಡೋದಮ್ಮ."

"ಮತ್ತೆ ಆ ಎಳೇ ಗಿಡಕ್ಕೆ ಯಾಕ್ರೀ ಅಷ್ಟು ಬೆಳಕು ಸುರೀತೀರಿ? ಹೊಸದಾಗಿ ಊರಿದ ಸಸಿಗೆ ಬಿಸಿಲು ಉಣ್ಣಾಕೆ ಶಕ್ತಿ ಎಲ್ಲಿರ್ತದೆ? ಅದು ಉಣ್ಣದೇ ಬಿಟ್ಟಿದ್ದನ್ನ ಪಾಚಿ ಉಣ್ತಾ ಐತೆ."

ಡಾಕ್ಟರು ಸ್ಟೆತಸ್ಕೋಪ್ ಕಿವಿಯಿಂದ ತೆಗೆದರು. ಎಂಟು ಹತ್ತು ವರ್ಷ ಓದಿದ ಮನುಷ್ಯ, ಮೂಗಿನ ತುದಿಯಲ್ಲೂ ಗರ್ವ ಇಲ್ಲ, ಎದುರು ಕುಳಿತು ಪಾಠ ಕೇಳಿಸಿಕೊಂಡರು. ಆ ಹೆಂಗಸು ಕೈಚೀಲದಲ್ಲಿದ್ದ, ಸಸಿಗಳ ಮೇಲೆ ನೆರಳಿಗೆ ಕಟ್ಟುವ ಹಸಿರು ಬಲೆಯ ತುಂಡನ್ನೇ ಕತ್ತರಿಸಿ ಕೊಟ್ಟರು. ಲೈಟನ್ನು ಒಂದು ಮೊಳ ಮೇಲೆ ಕಟ್ಟಬೇಕು, ಬೆಳಕು ಬಲೆಯೊಳಗಿಂದ ಇಳಿಯಬೇಕು, ದಿನಕ್ಕೆ ಆರು ಗಂಟೆ ಅಂದರೆ ಆರೇ ಗಂಟೆ, ಏಳಲ್ಲ. ಗಿಡ ಚಿಗುರು ಒಡೆದ ಮೇಲೆ ಬೇಕಾದರೆ ಸ್ವಲ್ಪ ಜಾಸ್ತಿ ಮಾಡಬಹುದು.

ನಾನು ಅವರನ್ನೇ ನೋಡುತ್ತಾ ನಿಂತಿದ್ದೆ. ನೀರೊಳಗಿನ ಗಿಡವನ್ನು ಜೀವಮಾನದಲ್ಲೇ ಮೊದಲ ಸಲ ನೋಡಿದವರು, ಅದರ ಹೊಟ್ಟೆಯ ಸಂಕಟ ಒಂದೇ ನೋಟಕ್ಕೆ ಹೇಳಿದರಲ್ಲ! ಅಂಥವರ ಕೈಯಲ್ಲಿ ಬೆಳೆದ ಸಸಿಗಳು ಪುಣ್ಯ ಮಾಡಿರಬೇಕು.

ಹೊರಡುವಾಗ ಡಾಕ್ಟರು, "ಜ್ವರ ಇಳಿಯುತ್ತೆ, ಮಗೂನ ಮತ್ತೆ ಕರೆದುಕೊಂಡು ಬರೋದು ಬೇಡಮ್ಮ" ಎಂದರು.

"ಬರ್ತೀನಿ. ಇವನಿಗಲ್ಲ, ನಿಮ್ಮ ಗಿಡ ನೋಡಾಕೆ. ವಾರದ ಮಟ ಇದೇ ಡೋಸ್ ಮುಂದುವರಿಸ್ರಿ. ಗಾಬರಿ ಆಗೋದು ಬೇಡ" ಎಂದು ನಮ್ಮ ಡಾಕ್ಟರ ಮಾತನ್ನು ನಮ್ಮ ಡಾಕ್ಟರಿಗೇ ಹೇಳಿ ಹೋದರು.

ಬೆಲ್ಲದ ಬಾಟಲಿ

ಪಾಚಿ ತಗ್ಗಿತು. ಮೀನುಗಳ ದರ್ಶನವಾಯಿತು. ಆದರೆ ಗಿಡಗಳು ಬದುಕಿದ್ದವೇ ಹೊರತು ಬೆಳೆಯುತ್ತಿರಲಿಲ್ಲ. ಎಲೆಗಳಿಗೆ ಇಂಗಾಲದ ಡೈಆಕ್ಸೈಡ್ ಸಾಲುತ್ತಿಲ್ಲ ಎಂದು ಡಾಕ್ಟರು ತೀರ್ಮಾನಿಸಿದರು. ನಾವು ಉಸಿರು ಬಿಡುವ ಗಾಳಿಯಲ್ಲಿ ಇರುವುದೂ ಅದೇ ಎಂದು ಅವರು ವಿವರಿಸಿದಾಗ, ಇನ್ನು ನನ್ನನ್ನು ಸ್ಟ್ರಾ ಹಿಡಿದು ಊದಲು ಕೂರಿಸುತ್ತಾರೆಂದು ನಾನು ಹೆದರಿದ್ದೆ.

ಹಾಗೆ ಮಾಡಲಿಲ್ಲ. ದೊಡ್ಡ ಬಾಟಲಿಯಲ್ಲಿ ಬೆಲ್ಲದ ನೀರು, ಬೇಕರಿಯಿಂದ ತಂದ ಯೀಸ್ಟು, ಮುಚ್ಚಳಕ್ಕೆ ಒಂದು ಡ್ರಿಪ್ ಪೈಪು. ಬೆಲ್ಲ ಹುಳಿ ಬಂದು ಗ್ಯಾಸ್ ಎದ್ದು ಪೈಪಿನಲ್ಲಿ ತೊಟ್ಟಿಗೆ ಹೋಗಬೇಕು. ಬಾಟಲಿಯನ್ನು ನನ್ನ ಕೌಂಟರ್ ಕೆಳಗೇ ಇಟ್ಟರು. ಗ್ಯಾಸ್ ಒಂದು ದಿನ ಬುಸುಬುಸು, ಇನ್ನೊಂದು ದಿನ ಸುಮ್ಮನೆ. ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂದು ಆ ಬಾಟಲಿಗೇ ಗೊತ್ತಿರಲಿಲ್ಲ. ವಾಸನೆ ಮಾತ್ರ ತಪ್ಪದೆ ಬರುತ್ತಿತ್ತು. ನಮ್ಮ ಸ್ಪಿರಿಟ್ಟು, ಫಿನಾಯಿಲು ಎಲ್ಲ ಸೇರಿದರೂ ಆ ವಾಸನೆಯ ಮುಂದೆ ನಿಲ್ಲಲಾಗಲಿಲ್ಲ.

ನಲ್ಲೂರಿನ ಒಬ್ಬ ತಾತ ಮೊಮ್ಮಗನನ್ನು ಕೆಮ್ಮಿಗೆ ತೋರಿಸಲು ಕರೆತಂದಿದ್ದರು. ಕೌಂಟರ್ ಹತ್ತಿರ ಬಂದವರೇ ಮೂಗು ಅರಳಿಸಿ ನಿಂತುಬಿಟ್ಟರು. ಮುಖದಲ್ಲಿ ಇಪ್ಪತ್ತು ವರ್ಷ ಕಮ್ಮಿಯಾಯಿತು. ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಹಾಜರು. ಅದರ ಮರುದಿನವೂ.

"ಮೊಮ್ಮಗ ಎಲ್ಲಿ ತಾತ?" ಎಂದೆ.

"ಅವನು ಆರಾಮಾಗಿ ಶಾಲೆಗೆ ಹೋದ." ಎರಡು ಸಲ ಕೆಮ್ಮಿ ತೋರಿಸಿದರು. "ಈಗ ನನಗೆ ಹತ್ತೈತೆ. ಆ ಕೆಳಗೆ ಇಟ್ಟಿದೀರಲ್ಲ ಔಷಧಿ, ಅದ್ರಾಗೆ ಒಂದು ಲೋಟ ಹಾಕ್ರಿ ಸಾಕು."

"ತಾತ, ಅದು ಮೀನಿಗೆ!"

ತಾತ ತೊಟ್ಟಿಯತ್ತ ತಿರುಗಿ, ಮೀನುಗಳನ್ನು ಒಂದೊಂದಾಗಿ ನೋಡಿ, "ಪುಣ್ಯವಂತರು" ಎಂದರು.

ಸೋಡಾ ಚಾಚಾ

ಬಾಟಲಿ ಆವತ್ತೇ ಮೋರಿ ಸೇರಿತು. ಮಾವ ಕೊಟ್ಟ ಗಡುವಿನಲ್ಲಿ ಒಂದೂವರೆ ತಿಂಗಳು ಉಳಿದಿತ್ತು. ಮಕ್ಕಳು ಈಗ ಬಾಗಿಲಲ್ಲಿ ಅಳುತ್ತಿರಲಿಲ್ಲ, ತೊಟ್ಟಿಯವರೆಗೆ ಬಂದು ನೋಡಿ, ಬಾಡಿದ ನಾಲ್ಕು ಎಲೆ ಕಂಡು ಆಮೇಲೆ ಅಳುತ್ತಿದ್ದವು.

ಡಾಕ್ಟರು ಭಾನುವಾರಗಳಲ್ಲಿ ನ್ಯಾಮತಿಗೆ ಹೋಗಿ ಪೇಷೆಂಟ್ ನೋಡುತ್ತಾರೆ. ಅಲ್ಲಿ ಗೋಲಿಸೋಡಾ ಮಾಡುವ ಒಬ್ಬ ಚಾಚಾ ಇದ್ದಾರೆ. ಸೋಡಾ ಕುಡಿಯುತ್ತಿದ್ದಾಗ ಇವರಿಗೆ ಹೊಳೆಯಿತು, ತಮಗೆ ಬೇಕಾದ ಗ್ಯಾಸ್ ತಮ್ಮ ಮೂಗಿನಿಂದಲೇ ಬುರಬುರನೆ ಬರುತ್ತಿದೆ ಎಂದು. ಚಾಚಾ ಕಥೆ ಕೇಳಿ, "ಮೀನಿಗೆ ಸೋಡಾ! ಯಾ ಅಲ್ಲಾ, ನಲವತ್ತು ವರ್ಷದಾಗೆ ಇಂಥ ಗಿರಾಕಿ ಬಂದಿರಲಿಲ್ಲ" ಎಂದು, ಮರುದಿನ ಅಂಗಡಿಗೆ ಬಾಗಿಲು ಹಾಕಿ ಸೋಡಾಕ್ಕೆ ತುಂಬುವ ಗ್ಯಾಸಿನ ಸಣ್ಣ ಸಿಲಿಂಡರನ್ನು ಮೊಪೆಡ್‌ಗೆ ಕಟ್ಟಿಕೊಂಡು ತಾವೇ ಬಂದರು.

ಪೈಪು ಜೋಡಿಸಿ ಸಿಲಿಂಡರಿನ ಕೀಲಿ ತಿರುಗಿಸಿದರು ನೋಡಿ, ತೊಟ್ಟಿ ಭರ್ರೆಂದು ನೊರೆಯೆದ್ದಿತು. ಹಾಲಿನಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆದರು. ಅರ್ಧ ಗಂಟೆಯಲ್ಲಿ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡತೊಡಗಿದವು.

"ಖುಷಿಗೆ ಕುಣೀತಾವೆ" ಎಂದರು ಚಾಚಾ.

ನನಗೆ ಮೀನಿನ ವಿಷಯ ಗೊತ್ತಿಲ್ಲ. ಉಬ್ಬಸದ ವಿಷಯ ಚೆನ್ನಾಗಿ ಗೊತ್ತು. ಓಡಿಹೋಗಿ ಕೀಲಿ ಬಂದ್ ಮಾಡಿ, ಗಾಳಿ ಸೇರಲೆಂದು ತೊಟ್ಟಿಯ ನೀರನ್ನೇ ಮಗ್ಗಿನಲ್ಲಿ ಎತ್ತೆತ್ತಿ ಮೇಲಿನಿಂದ ಸುರಿದೆ. ಒಂದೊಂದಾಗಿ ಕೆಳಗಿಳಿದವು, ಒಂದೂ ಸಾಯಲಿಲ್ಲ. ಟಿವಿ ಪಕ್ಷದ ನಾನು ಆವತ್ತು ಮೀನುಗಳನ್ನು ಎರಡೆರಡು ಸಲ ಎಣಿಸಿದೆ.

"ಚಾಚಾ, ಮಗೂಗೆ ಡ್ರಿಪ್ ಹಾಕುವಾಗ ನಾವು ಹನಿ ಎಣಿಸ್ತೀವಿ. ಇದನ್ನೂ ಎಣಿಸಬೇಕು" ಎಂದೆ. ಡ್ರಿಪ್ ಸೆಟ್ಟಿನಲ್ಲಿ ಹನಿ ಬೀಳುವ ಪುಟ್ಟ ಕೊಳವೆ ಇರುತ್ತದಲ್ಲ, ಅದನ್ನು ಕತ್ತರಿಸಿ, ಅರ್ಧ ನೀರು ತುಂಬಿ ಪೈಪಿನ ನಡುವೆ ಕೂರಿಸಿದೆ. ಚಾಚಾ ಇನ್ನೊಮ್ಮೆ ನ್ಯಾಮತಿಗೆ ಹೋಗಿ, ಹಳೇ ಡಬ್ಬಿಯೆಲ್ಲ ಜಾಲಾಡಿ ಕೂದಲೆಳೆಯಷ್ಟು ಗ್ಯಾಸ್ ಬಿಡುವ ಕೀಲಿ ಹುಡುಕಿ ತಂದರು. ನಾನು ಗಡಿಯಾರ ನೋಡುವುದು, ಅವರು ತಿರುಗಿಸುವುದು. ಸೆಕೆಂಡಿಗೆ ಒಂದೇ ಗುಳ್ಳೆ. ಲೈಟ್ ಆರಿದರೆ ಗ್ಯಾಸೂ ಬಂದ್. ಎಂಥ ಬೆರಳು ಅವು! ಕೂದಲಷ್ಟು ಆಚೀಚೆ ಆದರೂ ಕಿವಿಯಲ್ಲೇ ಕೇಳಿ ಸರಿಮಾಡುತ್ತಿದ್ದರು.

"ಸಿಸ್ಟರಮ್ಮ, ಇಷ್ಟು ಜಿಪುಣ ಸೋಡಾ ನಾನು ಜನ್ಮದಾಗೆ ಮಾಡಿಲ್ಲ" ಎಂದು ನೊಂದುಕೊಂಡರು. "ಕುಡಿದೋರು ತೇಗಿದ್ರೆ ಸೋಡಾ ಚೆನ್ನಾಗೈತೆ ಅಂತ ಲೆಕ್ಕ. ಮೀನು ತೇಗಾಕಿಲ್ಲ. ನನಗೆ ಹೆಂಗೆ ಗೊತ್ತಾಗಬೇಕು?"

ಮೂರು ವಾರ ಬಿಟ್ಟು ನೋಡಲು ಬಂದರು. ಮಧ್ಯಾಹ್ನ, ಲೈಟ್ ಹತ್ತಿ ನಾಲ್ಕು ಗಂಟೆಯಾಗಿತ್ತು. ಚಿಗುರಿದ ಎಲೆಗಳ ಮೇಲೆಲ್ಲ ಸಣ್ಣ ಸಣ್ಣ ಗುಳ್ಳೆ ಮೂಡಿ, ಒಂದೊಂದಾಗಿ ಮೇಲಕ್ಕೆ ತೇಲುತ್ತಿದ್ದವು. ಹೊಟ್ಟೆ ತುಂಬಿದ ಗಿಡ ಆಮ್ಲಜನಕ ಬಿಡುವುದು ಹಾಗಂತೆ. ನಾವೆಲ್ಲ ಗಾಜಿಗೆ ಮೂಗು ಒತ್ತಿ ನಿಂತೆವು, ಅಷ್ಟು ಚೆಂದ ಇತ್ತು ಅದು.

ಚಾಚಾ ಮಾತ್ರ ಕನ್ನಡಕ ಏರಿಸಿ ಕೂಗಿದರು. "ತೇಗಿತು! ಸಿಸ್ಟರಮ್ಮ, ಗಿಡ ತೇಗಿತು ನೋಡ್ರಿ!"

ಜಗಳೂರಿನ ತಪಾಸಣೆ

ಗಡುವು ಮುಗಿದ ದಿನ ಮಾವ ಬಂದೇ ಬಂದರು. ಕಾರಿನ ಹಿಂದಿನ ಸೀಟಿನಲ್ಲಿ ಟಿವಿಯ ಡಬ್ಬ ಕುಳಿತಿತ್ತು.

ಆವತ್ತು ಬೆಳಿಗ್ಗೆಯಿಂದ ಒಂದು ಮಗುವೂ ಅತ್ತಿರಲಿಲ್ಲ. ಸೂಜಿ ಹಾಕುವ ಸ್ಟೂಲನ್ನೇ ತೊಟ್ಟಿಯ ಪಕ್ಕಕ್ಕೆ ಹಾಕಿದ್ದೆವು. ಸವಳಂಗದ ಒಬ್ಬ ಐದು ವರ್ಷದ ಹುಡುಗನಿಗೆ ನಾಯಿ ಕಚ್ಚಿ, ಸೂಜಿಯ ಕೋರ್ಸ್ ನಡೆಯುತ್ತಿತ್ತು. ಮೊದಲ ದಿನ ನಾಲ್ಕು ಜನ ಹಿಡಿದುಕೊಂಡಿದ್ದೆವು. ಇವತ್ತು ಕೊನೆಯ ಸೂಜಿ. ಕಣ್ಣು ಮೀನಿನ ಮೇಲಿಟ್ಟು ತೋಳು ತಾನೇ ಚಾಚಿದ, ಚುಚ್ಚಿದ್ದು ಗೊತ್ತೇ ಆಗಲಿಲ್ಲ. ನನಗೂ ಖುಷಿಯಾಗಿ, "ಮುಗೀತು ಪುಟ್ಟ. ಇನ್ನು ನೀನು ಇಲ್ಲಿಗೆ ಬರೋದೇ ಬೇಡ" ಎಂದೆ.

ಅವನು ನನ್ನ ಮುಖ ನೋಡಿದ. ಆಮೇಲೆ ಬಾಯಿ ತೆರೆದ. ಅಂಥ ಕಿರುಚಾಟ ಮೂವತ್ತು ವರ್ಷದಲ್ಲಿ ನಾನು ಕೇಳಿಲ್ಲ. ಸರಿಯಾಗಿ ಅದೇ ಗಳಿಗೆಗೆ ಮಾವ ಹೊಸ್ತಿಲ ಒಳಗೆ ಕಾಲಿಟ್ಟರು.

"ಕೇಳಿಸ್ತೇನಪ್ಪ?" ಎಂದರು ಅಳಿಯನಿಗೆ. "ತೆಗೆಸು ಈ ಡಬ್ಬನ."

ಡಾಕ್ಟರ ಮುಖ ಸಪ್ಪಗಾಯಿತು. ಮೂರು ತಿಂಗಳ ಪಾಡು ನನ್ನ ಒಂದು ಮಾತಿನಿಂದ ಹಾಳಾಯಿತಲ್ಲ ಎಂದು ನನಗೆ ಭೂಮಿಗೆ ಇಳಿದುಹೋದಂತಾಯಿತು. ಹುಡುಗನ ತಾಯಿ ಗಾಬರಿಯಿಂದ ಎದ್ದು ನಿಂತಳು.

"ಸೂಜಿಗೆ ಅಳ್ತಿಲ್ರೀ ಸಾಹೇಬ್ರೆ. ಸೂಜಿ ಮುಗೀತು ಅಂದಿದ್ದಕ್ಕೆ ಅಳ್ತಾನೆ."

ಹುಡುಗ ಇನ್ನೊಂದು ತೋಳಿನ ಅಂಗಿ ಮಡಚುತ್ತಾ ನನ್ನ ಮುಂದೆ ಹಿಡಿದ. "ಇದಕ್ಕೂ ಚುಚ್ಚು! ಇಲ್ಲಾಂದ್ರೆ ನಾನು ಆ ನಾಯಿ ಹತ್ರಾನೇ ಮತ್ತೆ ಹೋಗಿ ಕಚ್ಚಿಸ್ಕಂಡು ಬರ್ತೀನಿ!"

ಮಾವ ಹುಡುಗನನ್ನು ನೋಡಿದರು, ತೊಟ್ಟಿ ನೋಡಿದರು, ಅಳಿಯನನ್ನು ನೋಡಿದರು. ಟಿವಿ ಹೊತ್ತುಕೊಂಡು ಮೆಟ್ಟಿಲು ಹತ್ತುತ್ತಿದ್ದ ಡ್ರೈವರ್‌ಗೆ, "ಅದನ್ನ ವಾಪಸ್ ಕಾರಲ್ಲೇ ಇಡು" ಎಂದರು. ಆಮೇಲೆ ಸ್ಟೂಲ್ ಎಳೆದುಕೊಂಡು ಕುಳಿತು, ಚೀಟಿ ತೆಗೆದು, ಅಷ್ಟೇ ಖಡಕ್ಕಾಗಿ ಬರೆದು ತಾಯಿಯ ಕೈಗೆ ಕೊಟ್ಟರು. ನಾನು ಹಿಂದಿನಿಂದ ಬಗ್ಗಿ ಕಷ್ಟಪಟ್ಟು ಓದಿದೆ: "ಮೀನು ತೋರಿಸುವುದು. ವಾರಕ್ಕೊಮ್ಮೆ. ಮೂರು ತಿಂಗಳು." ಅಳಿಯನ ಬೆನ್ನು ತಟ್ಟಿದ್ದು ಮಾತ್ರ ಯಾರಿಗೂ ಕಾಣದಂತೆ. ನಮ್ಮ ಡಾಕ್ಟರು ಕನ್ನಡಕ ಒರೆಸಿಕೊಳ್ಳುವ ನೆಪದಲ್ಲಿ ಗೋಡೆ ಕಡೆ ತಿರುಗಿದರು.

ಮಾವನ ಅಕ್ಷರವನ್ನು ಓದಬಲ್ಲವರು ಜಿಲ್ಲೆಯಲ್ಲೇ ಕಮ್ಮಿ. ಆ ತಾಯಿ ಚೀಟಿ ಹಿಡಿದು ಸೀದಾ ಪಕ್ಕದ ಮೆಡಿಕಲ್ ಶಾಪಿಗೆ ಹೋಗಿದ್ದು ನಮಗೆ ಗೊತ್ತಾಗಲಿಲ್ಲ. ಐದು ನಿಮಿಷ ಬಿಟ್ಟು ಸಪ್ಪೆ ಮುಖ ಹಾಕಿಕೊಂಡು ಬಂದಳು.

"ಸಾಹೇಬ್ರೆ, ಇದು ಸ್ಟಾಕ್ ಇಲ್ವಂತೆ. ಬೇರೆ ಕಂಪನೀದು ಐತಂತೆ, ತಗಳ್ಳಾ?"