ತಾಮ್ರಕ್ಕೆ ಸಿಕ್ಕ ಒಪ್ಪಿಗೆಯನ್ನು ಪ್ಲಾಸ್ಟಿಕ್ಕಿಗೂ ವಿಸ್ತರಿಸುವ ಬಗ್ಗೆ

ಇಂದ:
ಕವನಾ ಮಧುಸೂದನ,
ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಭದ್ರಾವತಿ;
ಹಾಲಿ ಸೊಸೆ, ಮಹಡಿ ಕೋಣೆ, ಕೋಟೆ, ಶಿವಮೊಗ್ಗ.

ಗೆ:
ಶ್ರೀಮತಿ ಸರಸ್ವತಿ ಗಣಪಯ್ಯನವರು,
ನಿವೃತ್ತ ಕಚೇರಿ ಅಧೀಕ್ಷಕರು;
ಹಾಲಿ ಅತ್ತೆ, ಕೆಳ ಅಂತಸ್ತು, ಸದರಿ ವಿಳಾಸ.

ವಿಷಯ: ಅರ್ಜಿದಾರಳ ಗರ್ಭಕೋಶದಲ್ಲಿ ಇರಿಸಲು ಉದ್ದೇಶಿಸಿರುವ ಗರ್ಭನಿರೋಧಕ ಸಾಧನದ ವಿಚಾರದಲ್ಲಿ ತಾಮ್ರಕ್ಕೆ ನೀಡಿದ್ದ ಒಪ್ಪಿಗೆಯನ್ನು ಪ್ಲಾಸ್ಟಿಕ್ಕಿಗೂ ವಿಸ್ತರಿಸುವ ಬಗ್ಗೆ, ಹಾಗೂ ಬರುವ ಗುರುವಾರ ಮಗುವನ್ನು ನೋಡಿಕೊಳ್ಳುವ ಬಗ್ಗೆ.

ಉಲ್ಲೇಖ:
೧) ತಾವು ಸೋಮವಾರ ಸಂಜೆ ಅವರೆಕಾಯಿ ಸುಲಿಯುತ್ತಾ ನೀಡಿದ ಮೌಖಿಕ ಒಪ್ಪಿಗೆ.
೨) ನಿನ್ನೆ ಬೆಳಿಗ್ಗೆ ಸದರಿ ಒಪ್ಪಿಗೆಯನ್ನು ಹಿಂಪಡೆದು, "ಏನಿದ್ರೂ ಬರೆದು ಕೊಡು" ಎಂದು ತಾವು ಹೊರಡಿಸಿದ ಆದೇಶ.

ಮಾನ್ಯರೇ,

ಒಂದೂಕಾಲು ಅಂಗುಲ ಉದ್ದದ, ಇಂಗ್ಲಿಷಿನ ಟಿ ಅಕ್ಷರದ ಆಕಾರದ ಪ್ಲಾಸ್ಟಿಕ್ ತುಣುಕೊಂದು ಈ ಮನೆಯ ಆಡಳಿತದಲ್ಲಿ ಹಿಂದೆಂದೂ ತಲೆದೋರದ ಗಂಭೀರ ಪರಿಸ್ಥಿತಿಯನ್ನು ನಿರ್ಮಿಸಿದೆಯೆಂಬುದನ್ನು ತಮ್ಮ ಅವಗಾಹನೆಗೆ ತರಲಾಗಿದೆ. ತಾವು ಮೂವತ್ತನಾಲ್ಕು ವರ್ಷ ಸರ್ಕಾರಿ ಕಡತಗಳ ನಡುವೆ ಬಾಳಿದವರು. ಬಾಯಿಮಾತನ್ನು ಮಾತೆಂದೇ ಪರಿಗಣಿಸುವವರಲ್ಲ. ಆದ್ದರಿಂದ ಅರ್ಜಿದಾರಳು ಸಮಸ್ತ ಸಂಗತಿಯನ್ನು ಕ್ರಮವಾಗಿ ನಿವೇದಿಸಿಕೊಳ್ಳುತ್ತಾಳೆ.

೧. ಅರ್ಜಿದಾರಳ ಮಗಳು ಶ್ರೀಗೌರಿಗೆ ಈಗ ಹದಿನಾಲ್ಕು ತಿಂಗಳು. ಹೆರಿಗೆಯ ದಿನ ಅರ್ಜಿದಾರಳಿಗೆ ಎರಡು ಬಾಟಲಿ ರಕ್ತ ಏರಿಸಿದ್ದು ತಮಗೆ ತಿಳಿದದ್ದೇ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬಾಟಲಿ ಇಳಿಯುವುದನ್ನೇ ನೋಡುತ್ತಿದ್ದವರು ತಾವು. ಇನ್ನೊಂದು ಮಗು ಬೇಕಿದ್ದರೂ ಮೂರು ವರ್ಷ ಬಿಡುವು ಕೊಡಬೇಕೆಂದು ಡಾಕ್ಟರ್ ಸುಶ್ಮಿತಾ ಅಂದೇ ಹೇಳಿದ್ದರು. ಹೀಗಿರುವಾಗ ಕಳೆದ ತಿಂಗಳು ಅರ್ಜಿದಾರಳ ಮುಟ್ಟು ಹತ್ತು ದಿನ ತಡವಾಯಿತು. ಆ ಹತ್ತೂ ದಿನ ಅವಳು ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಿನಲ್ಲಿ ಕಂಬಕ್ಕೆ ಹಣೆಯಾನಿಸಿಕೊಂಡು ಹೋಗಿಬಂದಳು, ಯಾರಿಗೂ ಹೇಳಲಿಲ್ಲ. ಹನ್ನೊಂದನೆಯ ದಿನ ಬಸ್ಸು ಭದ್ರಾವತಿ ಮುಟ್ಟುವ ಹೊತ್ತಿಗೆ ಹೊಟ್ಟೆನೋವು ಶುರುವಾಯಿತು. ಹೊಟ್ಟೆನೋವಿಗೆ ಅಷ್ಟು ಸಂತೋಷಪಟ್ಟ ಇನ್ನೊಬ್ಬ ಪ್ರಯಾಣಿಕರು ಸದರಿ ಮಾರ್ಗದಲ್ಲಿ ಇರಲಾರರು.

೨. ಕಾರಣ, ವಿಷಯವನ್ನು ಮೊದಲು ತಮ್ಮ ಮಗನ ಮುಂದೆ ಮಂಡಿಸಲಾಯಿತು. ಅವರು, "ನಂದೇನೂ ಅಭ್ಯಂತರ ಇಲ್ಲಪ್ಪ, ಅಮ್ಮನ್ನ ಒಂದು ಮಾತು ಕೇಳ್ಬಿಡು" ಎಂದು ಕಡತವನ್ನು ಮೇಲಕ್ಕೆ ಕಳಿಸಿ, ಗಡ್ಡ ಹೆರೆದುಕೊಳ್ಳಲು ಹೋದರು.

೩. ನಂತರ ಶಾಲೆಯ ಕನ್ನಡ ಶಿಕ್ಷಕಿ ಪುಟ್ಟಲಕ್ಷ್ಮಿಯವರಲ್ಲಿ ವಿಚಾರಿಸಲಾಗಿ, ಅವರು ಸ್ವತಃ ಕಾಪರ್ ಟಿ ಹಾಕಿಸಿಕೊಂಡಿರುವುದಾಗಿ ತಿಳಿಸಿ, ಸ್ಟಾಫ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಈ ಕೆಳಗಿನಂತೆ ಹೇಳಿಕೆ ನೀಡಿದರು: "ಐದು ವರ್ಷ ಆಯ್ತು ಮಾರಾಯ್ತಿ, ಅದು ಇದೆ ಅನ್ನೋದೇ ಮರ್ತೋಗಿದೆ. ಮಾತ್ರೆ ಥರ ದಿನಾ ನೆನಪಿಟ್ಕೊಳ್ಳೋ ರಗಳೆ ಇಲ್ಲ. ಮಗು ಬೇಕು ಅನ್ಸಿದ ದಿನ ಹೋಗಿ ತೆಗೆಸಿದ್ರೆ ಆಯ್ತು. ನಮ್ಮನೆಯವ್ರಿಗೆ ನಾನು ಹೇಳೋವರೆಗೂ ಗೊತ್ತೇ ಆಗಿರ್ಲಿಲ್ಲ. ಹಾಗೆ ನೋಡಿದ್ರೆ ಅವ್ರಿಗೆ ಯಾವುದು ತಾನೇ ಗೊತ್ತಾಗತ್ತೆ."

೪. ತದನಂತರ ಸೋಮವಾರ ಸಂಜೆ ತಾಮ್ರದ ಪ್ರಸ್ತಾವನೆಯನ್ನು ತಮ್ಮ ಮುಂದೆ ಇಡಲಾಯಿತು. ತಾವು ಅವರೆಕಾಯಿಯ ಮೊರವನ್ನು ಬದಿಗೆ ಸರಿಸಿ ಎತ್ತಿದ ಆಕ್ಷೇಪಣೆ ಇದು:

"ತಾಮ್ರ ಅಂತೀಯ. ಎರಡು ದಿನ ಹುಣಸೆಹಣ್ಣು ಹಾಕಿ ತಿಕ್ಕದೆ ಬಿಟ್ರೆ ನಮ್ಮ ಕೊಡವೇ ಕಿಲುಬು ಹಿಡಿಯತ್ತೆ. ಅಲ್ಲಿಗೆ ಹೋಗಿ ಯಾರು ತಿಕ್ತಾರೆ?"

"ಹತ್ತು ವರ್ಷ ತಿಕ್ಕೋದೇ ಬೇಡ ಅತ್ತೆ."

"ಹತ್ತು ವರ್ಷ ತಿಕ್ಕದೇ ಇರೋ ತಾಮ್ರ ನಾನು ಎಲ್ಲೂ ನೋಡಿಲ್ಲ."

ಸದರಿ ಗೊಂದಲದ ನಿವಾರಣೆಗಾಗಿ ತಾವು ಜಗಲಿಯಲ್ಲಿ ಪಂಚಾಂಗ ನೋಡುತ್ತಿದ್ದ ಮಾವನವರ ಅಭಿಪ್ರಾಯ ಕೋರಿದಿರಿ: "ಏನೂಂದ್ರೆ, ತಾಮ್ರ ಮೈಗೆ ಆಗತ್ತಾ?" ಮಂಡಿನೋವಿಗೆಂದು ತಾಮ್ರದ ಕಡಗ ತೊಟ್ಟಿರುವ ಮಾವನವರು ತಲೆಯೆತ್ತದೆ, "ಧಾರಾಳವಾಗಿ. ಯಾವ ಕೈಗೆ?" ಎಂದರು. "ಕೈಗಲ್ಲ" ಎಂದಷ್ಟೇ ಹೇಳಿ ತಾವು ಒಳಗೆ ಬಂದು ಒಪ್ಪಿಗೆ ನೀಡಿದಿರಿ. ಮಾವನವರು ಇಂದಿಗೂ ಕಾಲಿನ ವಿಚಾರವೆಂದೇ ತಿಳಿದಿದ್ದಾರೆ.

೫. ಆದರೆ ಬುಧವಾರ ತಪಾಸಣೆಯಲ್ಲಿ ಅರ್ಜಿದಾರಳ ಹಿಮೋಗ್ಲೋಬಿನ್ ಒಂಬತ್ತಕ್ಕೆ ಇಳಿದಿರುವುದು ಕಂಡುಬಂತು. ಡಾಕ್ಟರ್ ಸುಶ್ಮಿತಾ ಹೇಳಿದ್ದು: "ತಾಮ್ರದ್ದೂ ಒಳ್ಳೇದೇ, ಆದ್ರೆ ಮೊದಲ ತಿಂಗಳುಗಳಲ್ಲಿ ಮುಟ್ಟು ಜಾಸ್ತಿ ಹೋಗಬಹುದು. ನಿಮ್ಮ ಹತ್ರ ಹೋಗೋಕೆ ರಕ್ತ ಎಲ್ಲಿದೆ? ಹಾರ್ಮೋನಿಂದು ಹಾಕೋಣ. ಮೊದಮೊದಲು ಚೂರುಚೂರು ಕಾಣಿಸ್ಕೊಳ್ಳತ್ತೆ, ಆಮೇಲೆ ಕಮ್ಮಿ ಆಗತ್ತೆ. ಕೆಲವರಿಗೆ ಮುಟ್ಟು ನಿಂತೇ ಹೋಗತ್ತೆ, ಗಾಬರಿ ಬೇಡ. ತೆಗೆಸಿದ್ರೆ ಮತ್ತೆ ಬರತ್ತೆ."

೬. ಹಾರ್ಮೋನಿನ ಸಾಧನದಲ್ಲಿ ತಾಮ್ರವಿಲ್ಲ, ಪ್ಲಾಸ್ಟಿಕ್ ಮಾತ್ರ. ಈ ಮನೆಯಲ್ಲಿ ನೀರು ತಾಮ್ರದ ಕೊಡದಲ್ಲೂ ಉಪ್ಪಿನಕಾಯಿ ಭರಣಿಯಲ್ಲೂ ಇರತಕ್ಕದ್ದಾಗಿದ್ದು, ಹಾಲಿನ ಪ್ಯಾಕೆಟ್ಟಿಗೆ ಅಡುಗೆಮನೆಯ ಹೊಸಿಲು ದಾಟುವ ಅನುಮತಿಯಿಲ್ಲ. ಆದ್ದರಿಂದಲೇ ನಿನ್ನೆ ತಾವು, "ಬುತ್ತಿ ಡಬ್ಬಿಗೇ ಪ್ಲಾಸ್ಟಿಕ್ ಬೇಡ ಅಂದೋಳು ನಾನು, ಗರ್ಭಕೋಶಕ್ಕೆ ಸರಿ ಅಂತೀನಾ?" ಎಂದು ಕೇಳಿದಿರಿ. ಇಲ್ಲಿ ಅರ್ಜಿದಾರಳು ಒಂದು ತಪ್ಪೊಪ್ಪಿಗೆಯನ್ನು ದಾಖಲಿಸಬೇಕಾಗಿದೆ: ತಾಮ್ರದ್ದು ಎನ್ನುವ ಸಾಧನದ ಒಡಲೂ ಪ್ಲಾಸ್ಟಿಕ್ಕೇ, ತಾಮ್ರವನ್ನು ತಂತಿಯಾಗಿ ಮೇಲೆ ಸುತ್ತಿರುತ್ತಾರೆ. ಸೋಮವಾರ ಇದನ್ನು ಹೇಳಲಿಲ್ಲ. ತಾವು ಕೇಳಿರಲಿಲ್ಲ.

೭. ಎದುರುಮನೆಯ ಕಲ್ಲಮ್ಮನವರು "ಅದು ಮೇಲಕ್ಕೆ ಹತ್ತಿ ಎದೆಗೆ ಬಂದು ಕೂರತ್ತಂತೆ" ಎಂದು ತಮಗೆ ವರದಿ ಮಾಡಿರುವುದು ಗಮನಕ್ಕೆ ಬಂದಿದೆ. ಎದೆಗೆ ದಾರಿಯಿಲ್ಲ. ಅಪರೂಪಕ್ಕೆ ಜಾರಿ ಹೊರಬರಬಹುದು. ತೀರಾ ಅಪರೂಪಕ್ಕೆ ಗರ್ಭಕೋಶದ ಗೋಡೆಗೆ ಚುಚ್ಚಬಹುದು. ಅದಕ್ಕಾಗಿಯೇ ಮತ್ತೊಮ್ಮೆ ಬಂದು ತೋರಿಸಲು ಹೇಳಿದ್ದಾರೆ. ಜ್ವರವೋ ವಿಪರೀತ ನೋವೋ ಬಂದರೆ ಆ ದಿನವೇ ಹೋಗಬೇಕು. ಲೈಂಗಿಕ ರೋಗಗಳಿಗೆ ಇದು ತಡೆಯಲ್ಲ. ಕಲ್ಲಮ್ಮನವರಿಗೂ ತಡೆಯಲ್ಲ.

೮. ಆಡಳಿತಾತ್ಮಕ ಲಾಭ: ಈ ಮನೆಯ ಪದ್ಧತಿಯಂತೆ ಮುಟ್ಟಿನ ಮೂರು ದಿನ ಅರ್ಜಿದಾರಳು ಅಡುಗೆಮನೆಗೆ ಬಾರದೆ ಮಹಡಿಯಲ್ಲಿ ಕಾದಂಬರಿ ಓದುತ್ತಾಳೆ, ತಾವು ಸೊಂಟ ಹಿಡಿದುಕೊಂಡು ಇಡೀ ಮನೆಗೆ ಬೇಯಿಸುತ್ತೀರಿ. ಮುಟ್ಟು ನಿಂತಲ್ಲಿ ಸದರಿ ಮೂರು ದಿನಗಳ ಸೇವೆಯೂ ತಮಗೆ ಲಭ್ಯವಾಗುತ್ತದೆ. ಅರ್ಜಿದಾರಳಿಗೆ ಆಗುವ ನಷ್ಟವನ್ನು ಅವಳು ತುಟಿ ಕಚ್ಚಿ ಸಹಿಸಿಕೊಳ್ಳುತ್ತಾಳೆ.

೯. ಕೊನೆಯದಾಗಿ, ಆಸ್ಪತ್ರೆಯ ನರ್ಸ್ ಜಯಾ ಅವರು "ನಿಮ್ಮ ಒಪ್ಪಿಗೆ ಒಂದಿದ್ರೆ ಸಾಕು ಮೇಡಂ, ಬೇರೆ ಯಾರ ಸಹೀನೂ ಬೇಡ" ಎಂದಿದ್ದಾರೆ. ಆ ಕಾರಣ ನಿಯಮದ ಪ್ರಕಾರ ಈ ಅರ್ಜಿಯೇ ಅನಗತ್ಯ. ಆದರೆ ಒಂದೇ ಸೂರಿನಡಿ ಮುಚ್ಚಿಟ್ಟು ಬಾಳುವುದು ಅರ್ಜಿದಾರಳಿಗೆ ಬರುವುದಿಲ್ಲ. ಹತ್ತು ದಿನ ಮುಚ್ಚಿಟ್ಟು ನೋಡಿ ಆಗಿದೆ.

ಆದ್ದರಿಂದ ಮಾನ್ಯರು ಪ್ಲಾಸ್ಟಿಕ್ಕಿಗೆ ಒಪ್ಪಿದರೂ ಒಪ್ಪದಿದ್ದರೂ, ಬರುವ ಗುರುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಮಗುವನ್ನು ತಮ್ಮ ವಶಕ್ಕೆ ಪಡೆಯಬೇಕಾಗಿ ಕೋರಿಕೆ.

ತಮ್ಮ ವಿಶ್ವಾಸಿ
(ವಿಶ್ವಾಸ ಎರಡೂ ಕಡೆ ಇದೆಯೆಂದು ಭಾವಿಸಿ),
ಕವನಾ

ಲಗತ್ತುಗಳು:
೧) ರಕ್ತಪರೀಕ್ಷೆಯ ವರದಿ, ನಕಲು.
೨) ಆಸ್ಪತ್ರೆಯ ಕನ್ನಡ ಕರಪತ್ರ, ಚಿತ್ರಸಹಿತ. ಮಾವನವರ ಕೈಗೆ ಸಿಗದಂತೆ ಇಡುವುದು.
೩) ಪತಿಯ ನಿರಾಕ್ಷೇಪಣೆ: ಬಾಯಿಮಾತಿನದಾದ್ದರಿಂದ ಲಗತ್ತಿಸಿಲ್ಲ.

ಷರಾ (ಅತ್ತೆಯವರ ಕೈಬರಹ, ಕೆಂಪು ಶಾಯಿ):

ಪರಿಶೀಲಿಸಿದೆ. ರಕ್ತ ಒಂಬತ್ತಕ್ಕೆ ಇಳಿದಿರುವುದನ್ನು ಮೊದಲನೆಯ ಅಂಶವಾಗಿ ಬರೆಯಬೇಕಿತ್ತು. ಮುಖ್ಯ ವಿಷಯವನ್ನು ಐದನೆಯದರಲ್ಲಿ ಹುದುಗಿಸುವುದು ಕೆಟ್ಟ ಅಭ್ಯಾಸ. ಆ ಹತ್ತು ದಿನದ ವಿಷಯ ಆಗಲೇ ಹೇಳಬೇಕಿತ್ತು. ಬರೆದು ಕೊಡುವ ಅಗತ್ಯವಿರಲಿಲ್ಲ. ಪ್ಲಾಸ್ಟಿಕ್ಕಿಗೆ ಒಪ್ಪಿದೆ. ಎಂಟನೆಯ ಅಂಶವನ್ನು ತಿರಸ್ಕರಿಸಿದೆ: ಮುಟ್ಟು ಬಂದರೂ ಬಾರದಿದ್ದರೂ ತಿಂಗಳಿಗೆ ಮೂರು ದಿನ ಮಹಡಿಯಲ್ಲೇ ಇರತಕ್ಕದ್ದು. ಮಾವನವರಿಗೆ ತಿಳಿಸಬೇಕಾಗಿಲ್ಲ.

ಕಡತದ ಟಿಪ್ಪಣಿ: ಗುರುವಾರ ಹನ್ನೊಂದೂವರೆಗೆ ಸಾಧನವನ್ನು ಅಳವಡಿಸಲಾಯಿತು. ಮಗು ಒಂದು ಗಂಟೆಯವರೆಗೆ ಅಜ್ಜಿಯ ಬಳಿ ಇತ್ತು.